ಕೊನೆ ಸೀಟಿನ ಮೊಳೆ

ಸಾರಿಗೆ ಡಿಪೋದಲ್ಲಿ 31 ವರ್ಷ ಗುಮಾಸ್ತಿಕೆ ಮಾಡಿದವನಿಗೆ ರಿಟೈರ್ ಆದಮೇಲೆ ಮನೆಯಲ್ಲಿ ಕೂರುವುದು ಕಷ್ಟ. ಬೆಳಗ್ಗೆ ನಾಲ್ಕೂವರೆಗೆ ಎಚ್ಚರವಾಗಿಬಿಡುತ್ತದೆ. ಎದ್ದು ಮಾಡುವುದೇನು? ಎರಡು ತಿಂಗಳು ನೋಡಿದ ಹೆಂಡತಿ, "ಎಲ್ಲಾದ್ರೂ ಕೆಲಸಕ್ಕೆ ಹೋಗಿ, ಸುಮ್ನೆ ಅಡುಗೆಮನೆ ಬಾಗಿಲಲ್ಲಿ ನಿಲ್ಬೇಡಿ" ಅಂದಳು. ಹಾಗೆ ನಮ್ಮ ತಾಲ್ಲೂಕು ಕೇಂದ್ರದ ಒಂದು ಖಾಸಗಿ ಶಾಲೆಗೆ ಸೇರಿಕೊಂಡೆ, ಬಸ್ಸು ನೋಡಿಕೊಳ್ಳುವ ಕೆಲಸಕ್ಕೆ. ಸ್ವಂತದ ನಾಲ್ಕು ಬಸ್ಸು, ನಾಲ್ಕು ಡ್ರೈವರ್, ನಾಲ್ಕು ಜನ ಆಯಾ. "ಡಿಪೋ ನೋಡಿದವರು ನೀವು, ಇದೆಲ್ಲ ನಿಮಗೆ ಲೆಕ್ಕಕ್ಕೇ ಇಲ್ಲ" ಅಂದರು ಸೆಕ್ರೆಟರಿ. ನನಗೂ ಹಾಗೇ ಅನಿಸಿತ್ತು.

ಮೊದಲ ವಾರವೇ ಒಂದು ಪಾಠ ಆಯಿತು. ಆಫೀಸಿನ ಮುಂದೆ ಒಬ್ಬ ತಂದೆ "ಟಿಸಿ ಕೊಡಿ, ಈಗಲೇ ಟಿಸಿ ಕೊಡಿ" ಅಂತ ಕೂಗಾಡುತ್ತಿದ್ದರು. ನಮ್ಮ ಕಡೆ ಟಿಸಿ ಅಂದರೆ ಬಸ್‌ಸ್ಟ್ಯಾಂಡಿನಲ್ಲಿ ಕೂತು ಬಸ್ಸು ಬಿಡುವ ಸಂಚಾರ ನಿಯಂತ್ರಕ. ಶಾಲೆಯಲ್ಲಿ ಟಿಸಿ ಅಂದರೆ ಅಪ್ಪ-ಅಮ್ಮಂದಿರ ಕೊನೆಯ ಅಸ್ತ್ರ. ಅವರ ಸಿಟ್ಟಿಗೆ ಕಾರಣ ಏನೆಂದು ಕ್ಲರ್ಕನ್ನು ಕೇಳಿದೆ. "ಯಾವುದೋ ಮಿಸ್ಸು ಹೊಡೆದ್ರಂತೆ ಸಾರ್" ಅಂದ. ಯಾವ ಮಿಸ್ಸು, ಯಾವಾಗ, ಮೊದಲೇ ಯಾರಿಗಾದರೂ ಹೇಳಿದ್ದರಾ? ಯಾರಿಗೂ ಗೊತ್ತಿಲ್ಲ. ಎಲ್ಲೂ ಬರೆದಿಲ್ಲ.

ಅದೇ ಆಫೀಸಿನ ಇನ್ನೊಂದು ಮೇಜಿನ ಮೇಲೆ ಬಸ್ಸಿನ ಪುಸ್ತಕಗಳು ಇದ್ದವು. ಡೀಸೆಲ್ ಎಷ್ಟು ಲೀಟರ್, ಮೀಟರ್ ರೀಡಿಂಗ್ ಎಷ್ಟು, ಟಯರ್ ಯಾವತ್ತು ಬದಲಾಯಿತು ಎಲ್ಲಾ ಇತ್ತು. ಒಂದು ಲೀಟರ್ ಡೀಸೆಲ್ ಕಾಣೆಯಾದರೆ ಅದಕ್ಕೆ ದಾಖಲೆ ಇದೆ. ಒಂದು ಮಗು ಅತ್ತುಕೊಂಡು ಮನೆಗೆ ಹೋದರೆ ಇಲ್ಲ. ಆಗ ನನಗೆ ಇದು ವಿಚಿತ್ರ ಅನಿಸಿತು ಅಷ್ಟೇ. ತಪ್ಪು ಅಂತ ಅನಿಸಲು ಇನ್ನೂ ಸ್ವಲ್ಪ ದಿನ ಹಿಡಿಯಿತು.

ಜುಲೈ ತಿಂಗಳ ಒಂದು ಬೆಳಗ್ಗೆ. ಎರಡನೇ ನಂಬರ್ ಬಸ್ಸು ಮಕ್ಕಳನ್ನು ಇಳಿಸಿ, ಶಾಲೆಯ ಹಿಂದಿನ ಹೊಂಗೆ ಮರದ ಕೆಳಗೆ ನಿಂತಿತ್ತು. ಹತ್ತೂವರೆಗೆ ನೀರಿನ ಬಕೆಟ್ ಹಿಡಿದು ಬಸ್ಸು ತೊಳೆಯಲು ಹತ್ತಿದ ಹುಡುಗ ಹಾಗೇ ಇಳಿದು ನನ್ನ ಹತ್ತಿರ ಓಡಿಬಂದ. ಕೊನೆಯ ಸೀಟಿನಲ್ಲಿ ಯುಕೆಜಿ ಮಗು ನಿದ್ದೆ ಮಾಡುತ್ತಿತ್ತು. ಬ್ಯಾಗನ್ನು ತಬ್ಬಿಕೊಂಡು ಮುದುರಿ ಮಲಗಿತ್ತು. ಎಬ್ಬಿಸಿದರೆ "ಸ್ಕೂಲು ಬಂತಾ?" ಅಂತ ಕೇಳಿತು. ಮಳೆಗಾಲ, ಮರದ ನೆರಳು, ಕಿಟಕಿ ತೆರೆದಿತ್ತು. ಅದಕ್ಕೆ ಏನೂ ಆಗಲಿಲ್ಲ. ಅದೇ ಏಪ್ರಿಲ್ ಬಿಸಿಲಾಗಿದ್ದರೆ? ಕಿಟಕಿ ಹಾಕಿದ್ದರೆ? ಆ ದಿನ ನಾನು ಮಧ್ಯಾಹ್ನದ ಊಟ ಮಾಡಲಿಲ್ಲ.

ಆಯಾನ್ನು ಕೇಳಿದೆ. "ಎಲ್ಲಾ ಇಳಿದ್ರು ಅಂದ್ಕೊಂಡೆ ಸಾರ್" ಅಂದಳು. ಡ್ರೈವರ್‌ಗೆ ಕೇಳಿದರೆ, "ಆಯಮ್ಮ ನೋಡಿರ್ತಾಳೆ ಅಂದ್ಕೊಂಡೆ" ಅಂದ. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಇಬ್ಬರನ್ನೂ ಕೆಲಸದಿಂದ ತೆಗೆಯಿರಿ ಅಂತ ಸೆಕ್ರೆಟರಿ ಹೇಳಿದರು. ತೆಗೆದರೆ ನಾಳೆ ಬರುವ ಹೊಸಬರೂ ಅಂದುಕೊಳ್ಳುತ್ತಾರೆ, ಅಲ್ವಾ? ಡಿಪೋದ ಬುದ್ಧಿ ಅಲ್ಲಿ ಕೆಲಸಕ್ಕೆ ಬಂತು. ಪ್ರತಿ ಬಸ್ಸಿನ ಕೊನೆ ಸೀಟಿನ ಮೇಲೆ, ಕಿಟಕಿಯ ಪಕ್ಕ, ಒಂದು ಮೊಳೆ ಹೊಡೆಸಿದೆ. ಮಕ್ಕಳ ಹಾಜರಿ ಪುಸ್ತಕವನ್ನು ದಾರ ಕಟ್ಟಿ ಆ ಮೊಳೆಗೆ ತೂಗುಹಾಕಿದೆ. ಮಕ್ಕಳು ಇಳಿದಮೇಲೆ ಆಯಾ ಅಲ್ಲಿಗೇ ಹೋಗಿ ಸಹಿ ಮಾಡಬೇಕು. ಪುಸ್ತಕ ಕಿತ್ತುಕೊಂಡು ಬಂದು ನನ್ನ ಮೇಜಿನ ಮೇಲೆ ಇಟ್ಟಮೇಲೇ ಡ್ರೈವರ್‌ಗೆ ಕಾಫಿ. ಸಹಿ ಮಾಡಲು ಕೊನೆ ಸೀಟಿಗೆ ನಡೆಯಲೇಬೇಕು, ನಡೆದರೆ ಎರಡೂ ಕಡೆ ಕಣ್ಣು ಹೋಗಲೇಬೇಕು. ಇಷ್ಟೇ. ಒಂದು ಮೊಳೆಗೆ ಎಷ್ಟು ಖರ್ಚು?

ಶಾಲಾ ಬಸ್ಸಿನ ನಿಯಮಗಳು ದೇಶದಲ್ಲಿ ಬಂದದ್ದೂ ಹೀಗೆ ಪೆಟ್ಟು ತಿಂದೇ. 1997ರ ನವೆಂಬರಿನಲ್ಲಿ ದೆಹಲಿಯ ವಜೀರಾಬಾದ್ ಸೇತುವೆಯಿಂದ ಶಾಲಾ ಮಕ್ಕಳಿದ್ದ ಬಸ್ಸು ಯಮುನೆಗೆ ಬಿತ್ತು. 20ಕ್ಕೂ ಹೆಚ್ಚು ಮಕ್ಕಳು ಸತ್ತರು. ಮುಂದಿನ ತಿಂಗಳು ಸುಪ್ರೀಂ ಕೋರ್ಟು ಕೊಟ್ಟ ಸೂಚನೆಗಳನ್ನೇ ನಾವು ಇವತ್ತೂ ಬಸ್ಸಿನ ಮೈಮೇಲೆ ಓದುವುದು. ಹಳದಿ ಬಣ್ಣ, ಹಿಂದೆ ಮುಂದೆ 'ಸ್ಕೂಲ್ ಬಸ್' ಅನ್ನುವ ಬರಹ, ಬಾಡಿಗೆ ಬಸ್ಸಾದರೆ 'ಆನ್ ಸ್ಕೂಲ್ ಡ್ಯೂಟಿ', ಕಿಟಕಿಗೆ ಅಡ್ಡಕಂಬಿ, ಪ್ರಥಮ ಚಿಕಿತ್ಸೆ ಪೆಟ್ಟಿಗೆ, ಬೆಂಕಿ ಆರಿಸುವ ಸಿಲಿಂಡರ್, ಶಾಲೆಯ ಫೋನ್ ನಂಬರ್, 40 ಕಿಲೋಮೀಟರ್ ದಾಟದ ಹಾಗೆ ಸ್ಪೀಡ್ ಗವರ್ನರ್. ಡ್ರೈವರ್‌ಗೆ ಭಾರಿ ವಾಹನ ಓಡಿಸಿ ಕನಿಷ್ಠ 5 ವರ್ಷದ ಅನುಭವ ಇರಬೇಕು. ಕುಡಿದು ಓಡಿಸಿ ಒಮ್ಮೆ ಸಿಕ್ಕಿಬಿದ್ದರೂ ಅವನು ಶಾಲಾ ಬಸ್ಸಿಗೆ ಬೇಡ. ನಮ್ಮ ರಾಜ್ಯವೂ 2012ರಲ್ಲಿ ಶಾಲಾ ಮಕ್ಕಳನ್ನು ಸಾಗಿಸುವ ವಾಹನಗಳಿಗೆಂದೇ ಬೇರೆ ನಿಯಮ ಮಾಡಿತು.

ಇದರಲ್ಲಿ ತುಂಬಾ ಜನಕ್ಕೆ ಗೊತ್ತಿಲ್ಲದ ಒಂದು ಸೂಚನೆ ಇದೆ. ತಂದೆ-ತಾಯಿ ಅಥವಾ ಮೇಷ್ಟ್ರು ಯಾರಾದರೂ ಬಸ್ಸಿನಲ್ಲಿ ಕೂತು ಹೋಗಿ, ಎಲ್ಲಾ ಸರಿ ಇದೆಯಾ ಅಂತ ನೋಡಬಹುದು. ನಾನು ಪೋಷಕರ ಸಭೆಯಲ್ಲಿ ಇದನ್ನು ಹೇಳಿ, "ಬನ್ನಿ, ಒಂದು ದಿನ ಬಸ್ಸಿನಲ್ಲಿ ಕೂರಿ" ಅಂತ ಕರೆದೆ. ಎಲ್ಲರೂ ತಲೆ ಆಡಿಸಿದರು. ಮೂರು ವರ್ಷದಲ್ಲಿ ಬಂದವರು ಒಬ್ಬರೇ, ಒಂದನೇ ಕ್ಲಾಸಿನ ಹುಡುಗಿಯ ಅಜ್ಜ. ಅವರಿಗೆ ಮೊಮ್ಮಗಳ ಜೊತೆ ಕಿಟಕಿ ಪಕ್ಕ ಕೂರುವ ಆಸೆ, ಅಷ್ಟೇ. ಆದರೆ ಇಳಿಯುವಾಗ, "ಮೂರನೇ ಸೀಟಿನ ತಳದಲ್ಲಿ ಒಂದು ತಗಡು ಎದ್ದಿದೆ, ಮಕ್ಕಳ ಕಾಲಿಗೆ ಕೊಯ್ಯುತ್ತೆ" ಅಂತ ಹೇಳಿಹೋದರು. ಎಫ್‌ಸಿಗೆ, ಅಂದರೆ ಗಾಡಿ ಓಡಲು ಯೋಗ್ಯ ಅನ್ನುವ ಸರ್ಟಿಫಿಕೇಟಿಗೆ, ಬಸ್ಸು ಹೋದಾಗ ಆರ್‌ಟಿಒದವರಿಗೂ ಕಾಣದ ತಗಡು.

ಬಸ್ಸು ಇಲ್ಲದ ಊರುಗಳ ಮಕ್ಕಳ ಕಥೆ ಬೇರೆ. ಅವರು ಬಿಳಿ ಬೋರ್ಡಿನ ಓಮ್ನಿಗಳಲ್ಲಿ ಬರುತ್ತಿದ್ದರು. ಬಿಳಿ ಬೋರ್ಡಿನ ಗಾಡಿ ಬಾಡಿಗೆಗೆ ಓಡುವ ಹಾಗೇ ಇಲ್ಲ. ಅಪಘಾತವಾದರೆ ಇನ್ಶೂರೆನ್ಸ್‌ನವರು ಮೊದಲು ನೋಡುವುದು ಅದನ್ನೇ. 2016ರ ಜೂನಿನಲ್ಲಿ ಕುಂದಾಪುರದ ಹತ್ತಿರ ತ್ರಾಸಿಯಲ್ಲಿ ಶಾಲಾ ಮಕ್ಕಳಿದ್ದ ಓಮ್ನಿಗೂ ಬಸ್ಸಿಗೂ ಡಿಕ್ಕಿಯಾಗಿ 8 ಮಕ್ಕಳು ಹೋದರು. ಆ ವಾರ ಎಲ್ಲಾ ಊರಲ್ಲೂ ಪೊಲೀಸರು ಗೇಟಿನ ಮುಂದೆ ನಿಂತು ಓಮ್ನಿಯ ಮಕ್ಕಳನ್ನು ಎಣಿಸುವುದು, ಆಮೇಲೆ ಎಲ್ಲರೂ ಮರೆಯುವುದು. ಎಷ್ಟು ಸಲ ನೋಡಿದ್ದೇವೆ ಇದನ್ನು! "ಅದು ನಮ್ಮ ಗಾಡಿ ಅಲ್ಲ" ಅನ್ನುವುದು ಶಾಲೆಗಳ ಉತ್ತರ. ಗೇಟಿನಿಂದ ಆಚೆ ನಿಂತ ಗಾಡಿಗೆ ನಾವು ಹೊಣೆ ಅಲ್ಲ ಅಂತ. ನಾನೂ ಆ ಮಾತು ಹೇಳಿದ್ದೇನೆ. ಹೇಳುವಾಗ ನಾಲಿಗೆಗೆ ಸ್ವಲ್ಪ ಕಹಿ ಆಗುತ್ತಿತ್ತು.

ಮೊಳೆಯ ವಿಷಯ ಹೆಡ್ ಮಿಸ್ಸಿಗೆ ಇಷ್ಟವಾಯಿತು. ಒಂದು ದಿನ ಕರೆದು, "ಟೀಚರ್‌ಗಳ ಮೇಲೆ ಬರುವ ದೂರಿಗೂ ಇಂಥದ್ದೇನಾದ್ರೂ ಮಾಡಿಕೊಡಿ ಸಾರ್. ನಿಮಗೆ ಬರೆಯೋ ಅಭ್ಯಾಸ ಇದೆ" ಅಂದರು. ನಾನು ಸೇರುವ ಹಿಂದಿನ ವರ್ಷ ಅಲ್ಲಿ ಹಿಂದಿ ಮಿಸ್ಸೊಬ್ಬರು ಇದ್ದರಂತೆ. ಯಾರೋ ದೂರು ಹೇಳಿದರಂತೆ. ಸಂಜೆ ಕರೆದು "ನಾಳೆಯಿಂದ ಬರಬೇಡಿ" ಅಂದರಂತೆ. ಏನು ದೂರು ಅಂತ ಮೂರು ಜನರನ್ನು ಕೇಳಿದೆ, ಮೂರು ಕಥೆ ಸಿಕ್ಕಿತು. ಒಬ್ಬರು ಹೊಡೆದರು ಅಂದರು, ಒಬ್ಬರು ಟ್ಯೂಷನ್ನಿಗೆ ಬರದ ಮಕ್ಕಳಿಗೆ ಮಾರ್ಕ್ಸ್ ಕಡಿಮೆ ಹಾಕಿದರು ಅಂದರು. ಇನ್ನೊಬ್ಬರು ಹೇಳಿದ್ದನ್ನು ಇಲ್ಲಿ ಬರೆಯಲಾರೆ. ಆ ಹೆಂಗಸು ನಿಜಕ್ಕೂ ತಪ್ಪು ಮಾಡಿದ್ದರೆ ಇನ್ನೊಂದು ಶಾಲೆಯಲ್ಲಿ ಈಗಲೂ ಅದನ್ನೇ ಮಾಡುತ್ತಿರಬಹುದು. ಮಾಡಿರದಿದ್ದರೆ ಮೂರು ಕಥೆಗಳು ಊರ ತುಂಬ ಅವರ ಹೆಸರಲ್ಲಿ ಓಡಾಡುತ್ತಿವೆ.

ಕಾನೂನಿನಲ್ಲಿ ಇದಕ್ಕೆಲ್ಲ ದಾರಿ ಇದೆ. 1983ರ ಕರ್ನಾಟಕ ಶಿಕ್ಷಣ ಕಾಯ್ದೆಯ 92ನೇ ಕಲಮು ಖಾಸಗಿ ಶಾಲೆಯ ನೌಕರರಿಗೂ ಸೇರಿದ್ದು. ಆಪಾದನೆ ಏನೆಂದು ತಿಳಿಸದೆ, ಅವರ ಮಾತು ಕೇಳದೆ, ವಿಚಾರಣೆ ಮಾಡದೆ ತೆಗೆದುಹಾಕುವ ಹಾಗಿಲ್ಲ. ಸರ್ಕಾರಿ ಮೇಷ್ಟ್ರಾದರೆ 1957ರ ಸಿಸಿಎ ನಿಯಮಗಳು, ಅಂದರೆ ಸರ್ಕಾರಿ ನೌಕರರ ಶಿಸ್ತಿನ ನಿಯಮಗಳು ಇವೆ. ಕಾರಣ ಕೇಳಿ ನೋಟಿಸ್, ಆಪಾದನಾ ಪತ್ರ, ವಿವರಣೆ, ಇಲಾಖಾ ವಿಚಾರಣೆ ಎಲ್ಲಾ ಅದರಂತೆ. ಮಗುವಿನ ಕಡೆಗೆ 2009ರ ಶಿಕ್ಷಣ ಹಕ್ಕು ಕಾಯ್ದೆ ಇದೆ. ಅದರ 17ನೇ ಕಲಮು ಹೊಡೆಯುವುದನ್ನೂ ಮನಸ್ಸಿಗೆ ಹಿಂಸೆ ಕೊಡುವುದನ್ನೂ ಎರಡನ್ನೂ ನಿಷೇಧಿಸುತ್ತದೆ. 28ನೇ ಕಲಮು ಮೇಷ್ಟ್ರು ಖಾಸಗಿ ಟ್ಯೂಷನ್ ಮಾಡಬಾರದು ಅನ್ನುತ್ತದೆ. 32ರಲ್ಲಿ, ಮಗುವಿನ ಹಕ್ಕಿಗೆ ಧಕ್ಕೆ ಬಂದರೆ ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತ ದೂರು ಕೊಡಬಹುದು, ಅವರು 3 ತಿಂಗಳಲ್ಲಿ ತೀರ್ಮಾನಿಸಬೇಕು, ಅದು ಒಪ್ಪಿಗೆ ಆಗದಿದ್ದರೆ ರಾಜ್ಯದ ಮಕ್ಕಳ ಹಕ್ಕುಗಳ ಆಯೋಗಕ್ಕೆ ಹೋಗಬಹುದು ಅಂತ ಇದೆ. ನಾನು ಇದನ್ನೆಲ್ಲ ಓದಿದ್ದು ಆ ಒಂದು ವಾರದಲ್ಲಿ, ಕನ್ನಡಕ ಒರೆಸಿಕೊಂಡು. ಓದಿದಮೇಲೆ ಗೊತ್ತಾಗಿದ್ದು ಇಷ್ಟು: ಎಲ್ಲಾ ದಾರಿಯೂ ಒಂದು ಹಾಳೆಯಿಂದ ಶುರುವಾಗುತ್ತದೆ. ನಮ್ಮಲ್ಲಿ ಆ ಹಾಳೆಯೇ ಇರಲಿಲ್ಲ.

ಡಿಪೋದಲ್ಲಿ ಕಂಡಕ್ಟರ್ ಮೇಲೆ ಕೇಸಾದರೆ, ಚೆಕಿಂಗ್‌ನವರು ಅಲ್ಲೇ ಬಸ್ಸಿನಲ್ಲೇ ಬರೆಯುತ್ತಾರೆ. ಕಂಡಕ್ಟರ್ ಹೇಳಿಕೆಯನ್ನೂ ಅಲ್ಲೇ ತೆಗೆದುಕೊಳ್ಳುತ್ತಾರೆ. ಅವನು ಕಳ್ಳನೇ ಇರಲಿ, ಅವನ ಮಾತಿಗೂ ಒಂದು ಜಾಗ ಇರುತ್ತದೆ. ನಾನು ಅದನ್ನೇ ನಕಲು ಮಾಡಿದೆ. ನೀಲಿ ರಟ್ಟಿನ ಒಂದು ಪುಸ್ತಕ, ಪುಟಕ್ಕೆ ನಂಬರ್. ಎಡಗಡೆ ಪುಟದಲ್ಲಿ ದೂರು, ದೂರು ಹೇಳಿದವರ ಮಾತಿನಲ್ಲೇ. ಬರೆಯಲು ಬಾರದವರು ಬಾಯಲ್ಲಿ ಹೇಳಿದರೆ ನಾವು ಬರೆದು, ಓದಿ ಹೇಳಿ, ಸಹಿ ಅಥವಾ ಹೆಬ್ಬೆಟ್ಟು. ಬಲಗಡೆ ಪುಟ ಮೇಷ್ಟ್ರದ್ದು, ಮೂರು ದಿನದೊಳಗೆ. ಎರಡೂ ಪುಟ ತುಂಬುವ ತನಕ ಹೆಡ್ ಮಿಸ್ಸು ತೀರ್ಮಾನ ಬರೆಯುವಂತಿಲ್ಲ. ದೂರು ಕೊಟ್ಟವರ ಮಗುವನ್ನು ಆ ಬಗ್ಗೆ ಕ್ಲಾಸಿನಲ್ಲಿ ಯಾರೂ ಕೇಳುವಂತಿಲ್ಲ. ಕೇಳಿದರೆ ಅದೇ ಇನ್ನೊಂದು ದೂರು.

ಮೇಷ್ಟ್ರುಗಳಿಗೆ ಇದು ಸುತರಾಂ ಇಷ್ಟವಾಗಲಿಲ್ಲ. ಸ್ಟಾಫ್ ರೂಮಿನಲ್ಲಿ ನನ್ನನ್ನು "ಚಿತ್ರಗುಪ್ತ" ಅಂತ ಕರೆಯುತ್ತಿದ್ದರಂತೆ. ಹೆಸರೇನೋ ಚೆನ್ನಾಗಿತ್ತು.

ಪುಸ್ತಕದ ನಾಲ್ಕನೆಯ ದೂರನ್ನು ನಾನು ಮರೆಯಲಾರೆ. ಆರನೇ ಕ್ಲಾಸಿನ ಹುಡುಗಿಯ ತಾಯಿ ಬರೆದಿದ್ದರು: "ಗಣಿತದ ಮೇಷ್ಟ್ರು ನನ್ನ ಮಗಳನ್ನು ದಿನಾ ಬಾಗಿಲ ಹೊರಗೆ ನಿಲ್ಲಿಸುತ್ತಾರೆ. ಅವಳು ಗಣಿತ ಅಂದ್ರೆ ಅಳ್ತಾಳೆ." ಸೆಕ್ರೆಟರಿಗೆ ಈ ಮೇಷ್ಟ್ರ ಮೇಲೆ ಮೊದಲೇ ಸಿಟ್ಟಿತ್ತು. ಸಂಬಳ ತಡವಾದಾಗ ಜೋರಾಗಿ ಕೇಳಿದ ಮನುಷ್ಯ. "ಮೆಮೊ ಕೊಡಿ, ಇದೇ ಸಮಯ" ಅಂದರು. ಬಲಗಡೆ ಪುಟ ಖಾಲಿ ಇದೆ ಸಾರ್, ಅಂದೆ.

ಮೇಷ್ಟ್ರು ಎರಡನೇ ದಿನ ಬರೆದುಕೊಟ್ಟರು. ಕೈಬರಹ ಮುತ್ತಿನ ಹಾಗೆ. ಮೊದಲ ಪೀರಿಯಡ್ 9.45ಕ್ಕೆ, ಏಳು ಮಕ್ಕಳು ದಿನಾ ತಡವಾಗಿ ಬರುತ್ತಾರೆ, ಪಾಠದ ಮಧ್ಯೆ ನುಗ್ಗಿದರೆ ಉಳಿದ ಮಕ್ಕಳಿಗೆ ತೊಂದರೆ, ಅದಕ್ಕೆ ಲೆಕ್ಕ ಮುಗಿಯುವ ತನಕ ಹೊರಗೆ ನಿಲ್ಲಿಸುತ್ತೇನೆ. ಕೆಳಗೆ ಏಳು ಮಕ್ಕಳ ಹೆಸರು. ಆ ಹೆಸರುಗಳನ್ನು ಓದುತ್ತಾ ಹೋದಂತೆ ನನಗೆ ಹೊಟ್ಟೆಯಲ್ಲಿ ಏನೋ ಆಯಿತು. ಮೊದಲ ಹೆಸರು ಕೆರೆ ಏರಿ ಸ್ಟಾಪು. ಎರಡನೆಯದು ಅಕ್ಕಿ ಗಿರಣಿ. ಆಮೇಲಿನ ಮೂರು ಸಂತೆ ಮೈದಾನ. ಏಳೂ ಮೂರನೇ ನಂಬರ್ ಬಸ್ಸಿನ ಮಕ್ಕಳು.

ಲಾಗ್ ಪುಸ್ತಕ ತೆಗೆದೆ. ಮೇ ತನಕ ಆ ಬಸ್ಸಿನ ಬೆಳಗಿನ ಟ್ರಿಪ್ಪು 19 ಕಿಲೋಮೀಟರ್. ಜೂನಿನಿಂದ 24. ಊರಾಚೆ ಹೊಸ ಲೇಔಟಿನ ನಾಲ್ಕು ಅಡ್ಮಿಷನ್ನಿಗಾಗಿ ರೂಟು ಉದ್ದ ಮಾಡಿದ್ದರು. ಮಾಡಿದ್ದರು ಏನು, ಮಾಡಿದವನು ನಾನೇ. ಸೆಕ್ರೆಟರಿ ಕೇಳಿದರು, ನಾನು ಪೆನ್ಸಿಲ್ ಹಿಡಿದು ನಕ್ಷೆಯಲ್ಲಿ ಗೆರೆ ಎಳೆದೆ, ಬಸ್ಸು ಹೊರಡುವ ಸಮಯವನ್ನು ಬೇಗ ಮಾಡಲು ಮರೆತೆ. ಬಸ್ಸು ದಿನಾ 9.50ರ ಮೇಲೆ ಬರುತ್ತಿತ್ತು. ಪುಸ್ತಕದಲ್ಲಿ ದಿನಾ ಬರೆದಿತ್ತು. ನಾನು ದಿನಾ ಸಹಿ ಹಾಕುತ್ತಿದ್ದೆ, ಓದುತ್ತಿರಲಿಲ್ಲ.

ಮಾರನೇ ವಾರದಿಂದ ಬಸ್ಸು 20 ನಿಮಿಷ ಮುಂಚೆ ಹೊರಟಿತು. ಮೇಷ್ಟ್ರ ಮೇಲಿನ ದೂರು ಹಾಗಂತ ಬಿದ್ದುಹೋಗಲಿಲ್ಲ. ತಡವಾದ ಕಾರಣ ಮಗುವಿನದ್ದಲ್ಲ, ಮಗುವಿನದ್ದೇ ಆಗಿದ್ದರೂ ಹೊರಗೆ ನಿಲ್ಲಿಸುವ ಹಾಗಿಲ್ಲ ಅಂತ ಹೆಡ್ ಮಿಸ್ಸು ಬರೆದರು. ಮೇಷ್ಟ್ರು ಸಹಿ ಮಾಡಿದರು. ಮಾಡುವಾಗ ನನ್ನ ಕಡೆ ನೋಡಿ, "ಚಿತ್ರಗುಪ್ತರ ಲೆಕ್ಕ ಎಲ್ಲಿ ಬರೀತಾರೆ?" ಅಂತ ಕೇಳಿದರು. ನಗಲೋ ಬೇಡವೋ ಗೊತ್ತಾಗಲಿಲ್ಲ.

ಎಲ್ಲಾ ದೂರನ್ನೂ ಈ ಪುಸ್ತಕದಲ್ಲಿ ಬರೆದು, ಎರಡೂ ಕಡೆ ಕೇಳಿ, ಶಾಲೆಯೊಳಗೇ ಮುಗಿಸುವ ಹಾಗಿಲ್ಲ. ಇದನ್ನು ಮೊದಲ ಪುಟದಲ್ಲೇ ಕೆಂಪು ಶಾಯಿಯಲ್ಲಿ ಬರೆದಿದ್ದೆ. ಮೇಷ್ಟ್ರೋ ಡ್ರೈವರೋ ಯಾರೇ ಆಗಲಿ, ಮಗುವಿನ ಮೈಯನ್ನು ಕೆಟ್ಟ ಉದ್ದೇಶದಿಂದ ಮುಟ್ಟಿದ ವಿಷಯ ಬಂದರೆ ಅದು ಪೋಕ್ಸೊ, ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಕಾಯ್ದೆ. ಗೊತ್ತಾದವರು ಪೊಲೀಸರಿಗೆ ಹೇಳಲೇಬೇಕು. ತನ್ನ ಕೈಕೆಳಗಿನವನು ಮಾಡಿದ್ದನ್ನು ಸಂಸ್ಥೆಯ ಮುಖ್ಯಸ್ಥರು ಮುಚ್ಚಿಟ್ಟರೆ ಅವರಿಗೇ 1 ವರ್ಷದ ತನಕ ಜೈಲು. "ಮೊದಲು ನಾವು ವಿಚಾರಿಸೋಣ, ಶಾಲೆ ಮರ್ಯಾದೆ ಪ್ರಶ್ನೆ" ಅನ್ನುವ ಕಮಿಟಿ ಸದಸ್ಯರು ಎಲ್ಲಾ ಊರಲ್ಲೂ ಇರುತ್ತಾರೆ, ನಮ್ಮಲ್ಲೂ ಇದ್ದರು. 2014ರಲ್ಲಿ ಬೆಂಗಳೂರಿನ ಶಾಲೆಯೊಂದರ ಇಂಥದ್ದೇ ಪ್ರಕರಣಕ್ಕೆ ತಂದೆ-ತಾಯಂದಿರು ಬೀದಿಗಿಳಿದದ್ದು ನೆನಪಿದೆಯಲ್ಲ? ನಮ್ಮಲ್ಲಿ ಮಗುವನ್ನು ನಾಲ್ಕು ಜನರ ಎದುರು ಕೂರಿಸಿ "ಏನಾಯ್ತು ಹೇಳು ಪುಟ್ಟಾ" ಅಂತ ಕೇಳುವುದೂ ಒಂದು ಹಿಂಸೆಯೇ ಅಂತ ಯಾರಿಗೂ ಹೊಳೆದಿರಲಿಲ್ಲ. ಮಕ್ಕಳ ಸಹಾಯವಾಣಿಯ 1098 ಅನ್ನುವ ನಂಬರನ್ನು ಪ್ರತಿ ಬಸ್ಸಿನ ಒಳಗೂ ಅಂಟಿಸಿದೆ, ಮಕ್ಕಳ ಕಣ್ಣಿನ ಎತ್ತರಕ್ಕೆ. ಪೇಂಟರ್ ಅದನ್ನು ಮೊದಲು ಡ್ರೈವರ್ ತಲೆಯ ಮೇಲೆ ಬರೆದಿದ್ದ.

ಮೂಗರ್ಜಿಗಳ ವಿಷಯದಲ್ಲಿ ನನಗೆ ಈಗಲೂ ಗೊಂದಲ. ಸರ್ಕಾರಿ ಕಚೇರಿಯಲ್ಲಿ ಮೂಗರ್ಜಿ ಬಂದರೆ ಕಡತಕ್ಕೆ ಸೇರಿಸಿ ಮುಗಿಸುತ್ತಿದ್ದೆವು. ಹೆಸರು ಹೇಳಲು ಧೈರ್ಯ ಇಲ್ಲದವರ ಮಾತಿಗೆ ಬೆಲೆ ಏನು ಅಂತ. ಶಾಲೆಯಲ್ಲಿ ಆ ಲೆಕ್ಕ ನಡೆಯುವುದಿಲ್ಲ. "ಹೆಸರು ಹಾಕ್ಬೇಡಿ ಸಾರ್, ಇನ್ನೂ ನಾಲ್ಕು ವರ್ಷ ಮಗು ಇಲ್ಲೇ ಓದ್ಬೇಕು" ಅನ್ನುವ ತಾಯಿಯನ್ನು ಹೇಡಿ ಅನ್ನಲು ಆಗುತ್ತದಾ? ಹೆಸರಿಲ್ಲದೆಯೂ ನೋಡಿ ತಿಳಿಯಬಹುದಾದ ದೂರನ್ನು ನಾವು ತೆಗೆದುಕೊಂಡೆವು. ಡ್ರೈವರ್ ಫೋನಿನಲ್ಲಿ ಮಾತಾಡುತ್ತಾ ಓಡಿಸುತ್ತಾನೆ ಅಂದರೆ ಯಾರು ಹೇಳಿದರೇನು, ಹೋಗಿ ರಸ್ತೆಯಲ್ಲಿ ನಿಂತು ನೋಡಿದರಾಯಿತು. ನೋಡಿದೆ, ನಿಜವಿತ್ತು. ಒಬ್ಬ ಮೇಷ್ಟ್ರ ನಡತೆಯ ಮೇಲೆ ಸುಮ್ನೆ ಕೆಸರು ಎರಚಿದ ಎರಡು ಸಾಲಿನ ಚೀಟಿ ಬಂದರೆ ಏನು ಮಾಡುವುದು? ಹರಿದರೂ ತಪ್ಪು, ಇಟ್ಟುಕೊಂಡರೂ ತಪ್ಪು.

ಇನ್ನು ವಾಟ್ಸಾಪ್. ರಾತ್ರಿ ಹತ್ತರ ಮೇಲೆ ಪೋಷಕರ ಗ್ರೂಪಿನಲ್ಲಿ ಶುರುವಾದರೆ ಬೆಳಗ್ಗೆ ಹೊತ್ತಿಗೆ ಆರೋಪ, ವಿಚಾರಣೆ, ಶಿಕ್ಷೆ ಎಲ್ಲಾ ಮುಗಿದಿರುತ್ತದೆ. ಅಲ್ಲಿ ಬಲಗಡೆ ಪುಟ ಇಲ್ಲ. ಅದರ ಬಗ್ಗೆ ಜಾಸ್ತಿ ಬರೆದರೆ ನನಗೇ ಬಿಪಿ ಏರುತ್ತದೆ, ಬಿಡಿ.

ಮೂರನೇ ವರ್ಷ, ಜನವರಿಯಲ್ಲಿ, ಆಫೀಸಿನ ಕ್ಲರ್ಕು ನನ್ನ ಮುಖ ನೋಡದೆ ನೀಲಿ ಪುಸ್ತಕವನ್ನು ನನ್ನ ಮೇಜಿಗೆ ತಂದಿಟ್ಟ. ಎಡಗಡೆ ಪುಟದಲ್ಲಿ ಹೊಸ ದೂರು. "ಬಸ್ಸಿನ ಮೇಲ್ವಿಚಾರಕರು ನನ್ನ ಮಗನನ್ನು ಎಲ್ಲಾ ಮಕ್ಕಳ ಎದುರು ಕೋತಿ ಅಂತ ಕರೆಯುತ್ತಾರೆ. ಈಗ ಬಸ್ಸಿನಲ್ಲಿ ಎಲ್ಲರೂ ಹಾಗೇ ಕರೆಯುತ್ತಾರೆ. ಬಸ್ಸಿಗೆ ಹೋಗಲ್ಲ ಅಂತಾನೆ."

ಮೊದಲು ನನ್ನ ಬಾಯಿಗೆ ಬಂದದ್ದು, "ಯಾರು ಬರೆದಿದ್ದು ಇದನ್ನ?" ಮೂರು ವರ್ಷ ಎಲ್ಲಾ ಮೇಷ್ಟ್ರೂ ನನ್ನನ್ನು ಕೇಳಿದ ಮೊದಲ ಪ್ರಶ್ನೆ ಅದೇ. ಆಮೇಲೆ ಪೆನ್ನು ತೆಗೆದು ಬಲಗಡೆ ಪುಟದಲ್ಲಿ ಬರೆಯತೊಡಗಿದೆ: "ನಾನು ತಮಾಷೆಗೆ, ಪ್ರೀತಿಯಿಂದ..." ಅಷ್ಟು ಬರೆದು ಹಿಂದಿನ ಪುಟಗಳನ್ನು ತಿರುಗಿಸಿದೆ. ಇಂಗ್ಲಿಷ್ ಮಿಸ್ಸು, "ಪ್ರೀತಿಯಿಂದ ಹೇಳಿದ್ದು." ಪಿಟಿ ಮೇಷ್ಟ್ರು, "ತಮಾಷೆಗೆ ಅಂದದ್ದು." ನನ್ನ ವಾಕ್ಯಕ್ಕೆ ಅಡ್ಡಗೆರೆ ಎಳೆದು ಪಕ್ಕದಲ್ಲಿ ಚಿಕ್ಕ ಸಹಿ ಹಾಕಿದೆ. ತಿದ್ದಿದಲ್ಲಿ ಸಹಿ ಬೇಕು ಅನ್ನುವ ನಿಯಮ ಮಾಡಿದವನೂ ನಾನೇ. ಕೆಳಗೆ, "ಹೌದು, ಹಾಗೆ ಕರೆದಿದ್ದೇನೆ" ಅಂತ ಬರೆದೆ.

ಹೆಡ್ ಮಿಸ್ಸು ಕರೆಯುವ ತನಕ ಅವರ ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂತಿದ್ದೆ. ಮೇಷ್ಟ್ರುಗಳು ಕೂರುವ ಬೆಂಚು. ಗಣಿತದ ಮೇಷ್ಟ್ರು ಅದೇ ಕಾರಿಡಾರಿನಲ್ಲಿ ಬಂದರು, ನನ್ನನ್ನು ನೋಡಿದರು, ಏನೂ ಅನ್ನದೆ ಪಕ್ಕದಲ್ಲಿ ಎರಡು ನಿಮಿಷ ಕೂತು ಹೋದರು.

ಮಾರನೇ ದಿನ ಬೆಳಗ್ಗೆ ಗೇಟಿನ ಹತ್ತಿರ ನಿಂತು, ಆ ಹುಡುಗನ ಹೆಸರೇನು ಅಂತ ಆಯಾನ್ನು ಕೇಳಿದೆ. ಹೇಳಿದಳು. ಹಾಜರಿ ಪುಸ್ತಕದಲ್ಲಿ 14ನೇ ನಂಬರಿನ ಎದುರು ಆ ಹೆಸರನ್ನು ಎರಡು ವರ್ಷದಿಂದ ದಿನಾ ನೋಡುತ್ತಿದ್ದೆ. ಹುಡುಗನ ಮುಖವನ್ನೂ ದಿನಾ ನೋಡುತ್ತಿದ್ದೆ. ಆ ಹೆಸರು ಈ ಮುಖದ್ದು ಅಂತ ಗೊತ್ತಿರಲಿಲ್ಲ.